ಓಟಕ್ಕೆ ಮುಂಚೆ ಸ್ಟ್ರೆಚಿಂಗ್: ಮಾಡಿಸಬೇಕೋ, ಬಿಡಿಸಬೇಕೋ?

ಮುಲುಂಡ್ ಅಪ್ಪ

ಮುಂಬೈ, ಪುಣೆ, ಗೋವಾ ಕಡೆ ಇರುವ ಕನ್ನಡದ ಓಟಗಾರರಿಗೆ, ಕೋಚ್‌ಗಳಿಗೆ ಒಂದು ಪ್ರಶ್ನೆ.

ಮಗಳಿಗೆ 15 ವರ್ಷ. 100 ಮತ್ತು 200 ಮೀಟರ್ ಓಡುತ್ತಾಳೆ. ಜನವರಿಯಲ್ಲಿ ನಮ್ಮ ಸಂಘದ ಕ್ರೀಡಾಕೂಟ, ಅದರ ಹಿಂದೆಯೇ ಜಿಲ್ಲಾ ಮಟ್ಟದ ಮೀಟ್. ಶಾಲೆಯಲ್ಲಿ ಪಿಟಿ ಸರ್ ಓಟಕ್ಕೆ ಮುಂಚೆ ಎಲ್ಲ ಮಕ್ಕಳನ್ನೂ ನೆಲದ ಮೇಲೆ ಕೂರಿಸುತ್ತಾರೆ. ಕಾಲು ಚಾಚಿ ಬೆರಳು ಹಿಡಿಯಬೇಕು, ಮೊಣಕಾಲು ಏಳಬಾರದು. ಹಿಂದೆ ಇನ್ನೊಬ್ಬಳು ನಿಂತು ಬೆನ್ನು ಒತ್ತುತ್ತಾಳೆ. ಒಂದೊಂದು ಸ್ಟ್ರೆಚ್ ಒಂದು ನಿಮಿಷಕ್ಕೂ ಜಾಸ್ತಿ. ಇದೆಲ್ಲ ಮುಗಿದ ತಕ್ಷಣ ಸೀದಾ ಸ್ಟಾರ್ಟಿಂಗ್ ಲೈನ್.

ಭಾನುವಾರ ಅವಳು ಟ್ರ್ಯಾಕ್‌ಗೆ ಹೋಗುತ್ತಾಳೆ. ಅಲ್ಲಿನ ಕೋಚ್ ಇದಕ್ಕೆ ತದ್ವಿರುದ್ಧ. ಸ್ಟ್ರೆಚ್ ಮಾಡಿದರೆ ಕಾಲು ಸತ್ತುಹೋಗುತ್ತದೆ, ಓಟಕ್ಕೆ ಮುಂಚೆ ಮುಟ್ಟಲೇಬೇಡ ಅನ್ನುತ್ತಾರೆ. ಮಗು ಇಬ್ಬರ ನಡುವೆ ಸಿಕ್ಕಿಹಾಕಿಕೊಂಡಿದೆ. ನನಗೂ ಗೊತ್ತಾಗುತ್ತಿಲ್ಲ. ಯಾರ ಮಾತು ಕೇಳಬೇಕು?

ಥಾಣೆಯ ಹಳೇ ಸ್ಪೈಕ್ಸ್

ಅಣ್ಣ, ಇಬ್ಬರ ಮಾತಿನಲ್ಲೂ ಅರ್ಧ ನಿಜ ಇದೆ. ಜಗಳ ಬಂದಿರುವುದು ಉಳಿದ ಅರ್ಧದಿಂದ.

ಒಂದೇ ಭಂಗಿಯಲ್ಲಿ ಅಲುಗಾಡದೆ ಹಿಡಿದು ನಿಲ್ಲುವುದು ಸ್ಟ್ಯಾಟಿಕ್ ಸ್ಟ್ರೆಚಿಂಗ್. ಕಾಲು ಬೀಸುತ್ತಾ, ಮಂಡಿ ಎತ್ತುತ್ತಾ, ನಡೆಯುತ್ತಲೇ ಎಳೆಯುವುದು ಡೈನಾಮಿಕ್. ಮೊದಲನೆಯದನ್ನು ಒಂದು ನಿಮಿಷ, ಒಂದೂವರೆ ನಿಮಿಷ ಹಿಡಿದು, ಬೇರೆ ಏನೂ ಮಾಡದೆ ಓಡಿದರೆ ವೇಗ ತಗ್ಗುತ್ತದೆ. ಈ ವಿಷಯದಲ್ಲಿ ಭಾನುವಾರದ ಕೋಚ್ ಹೇಳಿದ್ದು ಸರಿ. ಆದರೆ 15-20 ಸೆಕೆಂಡ್ ಹಿಡಿದು, ಆಮೇಲೆ ಡ್ರಿಲ್ಸ್ (ಮಂಡಿ ಎತ್ತುವ, ಪುಟಿಯುವ ಅಭ್ಯಾಸಗಳು), ನಾಲ್ಕು ಜೋರು ಓಟ ಮುಗಿಸಿ ಬ್ಲಾಕ್‌ಗೆ (ಓಟ ಶುರು ಮಾಡುವಾಗ ಪಾದ ಊರುವ ಆಸರೆ) ಹೋದರೆ ಕಾಲೇನೂ ಸಾಯುವುದಿಲ್ಲ. ಅದು ಉತ್ಪ್ರೇಕ್ಷೆ.

ನೀವು ಬರೆದದ್ದರಲ್ಲಿ ನನಗೆ ಕಿರಿಕಿರಿ ಆಗಿದ್ದು ಸ್ಟ್ರೆಚಿಂಗ್ ಅಲ್ಲ. "ಇದೆಲ್ಲ ಮುಗಿದ ತಕ್ಷಣ ಸೀದಾ ಸ್ಟಾರ್ಟಿಂಗ್ ಲೈನ್" ಅಂದಿರಲ್ಲ, ಅದು. ಮೈ ಬಿಸಿ ಆಗಿದ್ದು ಯಾವಾಗ? ಜೋರಾಗಿ ಒಂದು ಹೆಜ್ಜೆಯಾದರೂ ಹಾಕಿದ್ದು ಯಾವಾಗ? ಹತ್ತು ನಿಮಿಷ ನೆಲದ ಮೇಲೆ ಕೂತ ಮಗು ಒಮ್ಮೆಲೇ ಪೂರ್ತಿ ವೇಗದಲ್ಲಿ ಓಡಬೇಕು. ಸ್ಟ್ರೆಚ್ ಮಾಡಿದ್ದರಿಂದ ಎಷ್ಟು ಹೋಯಿತು, ಕೂತಿದ್ದರಿಂದ ಎಷ್ಟು ಹೋಯಿತು ಅಂತ ಲೆಕ್ಕ ಹಾಕಿದರೆ ಎರಡನೆಯದೇ ದೊಡ್ಡದು ಅಂತ ನನ್ನ ಅಭಿಪ್ರಾಯ.

ಉಡುಪಿ ಟು ಅಂಧೇರಿ

ನಾವೆಲ್ಲ ಊರಲ್ಲಿ ಕೂತು, ಬಗ್ಗಿ, ಹೆಬ್ಬೆರಳು ಹಿಡಿದೇ ಓಡಿದ್ದು ಮಾರಾಯ್ರೆ. ಕಪ್ಪೂ ತಂದಿದ್ದೇವೆ. ಈಗ ಎಲ್ಲದಕ್ಕೂ ಒಂದು ರಿಸರ್ಚ್!

ಥಾಣೆಯ ಹಳೇ ಸ್ಪೈಕ್ಸ್

ಕಪ್ಪು ಬಂದದ್ದು ಪಕ್ಕದ ಲೇನಿನವರೂ ಹಾಗೇ ಕೂತು ಬಗ್ಗಿದ್ದಕ್ಕೆ ಮಾರಾಯ್ರೆ 😄

ಪುಣೆ ಫಿಸಿಯೋ

ರಿಸರ್ಚ್ ಅಂದಿರಲ್ಲ, ಬಂದೆ. ಸ್ವಲ್ಪ ಉದ್ದ ಆಗುತ್ತದೆ.

1990ರ ದಶಕದ ಕೊನೆಯವರೆಗೂ "ಮೊದಲು ಸ್ಟ್ರೆಚ್, ಆಮೇಲೆ ಆಟ" ಅನ್ನುವುದನ್ನು ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ಆಮೇಲೆ ಒಂದರ ಹಿಂದೆ ಒಂದು ಪ್ರಯೋಗ ಬಂದವು. 2000ದ ಒಂದು ಪ್ರಯೋಗದಲ್ಲಿ ಮೀನಖಂಡವನ್ನು ಸುಮಾರು ಅರ್ಧ ಗಂಟೆ ಮತ್ತೆ ಮತ್ತೆ ಎಳೆದು ಹಿಡಿದರು. ಬಲ ತಕ್ಷಣ ಶೇ 28ರಷ್ಟು ಇಳಿಯಿತು. ಒಂದು ಗಂಟೆ ಕಳೆದ ಮೇಲೂ ಶೇ 9ರಷ್ಟು ಕಡಿಮೆಯೇ ಇತ್ತು. ಜನ ಹೆದರಿದ್ದು ಇಂಥವನ್ನು ಓದಿ. ಆದರೆ ಓಟಕ್ಕೆ ಮುಂಚೆ ಒಂದು ಮೀನಖಂಡವನ್ನು ಅರ್ಧ ಗಂಟೆ ಎಳೆಯುವವರು ಯಾರು ಹೇಳಿ?

ಓಟಕ್ಕೇ ಸಂಬಂಧಪಟ್ಟದ್ದು ಎರಡು ನೆನಪಿಡಿ. 2004ರಲ್ಲಿ ಫ್ಲೆಚರ್ ಮತ್ತು ಜೋನ್ಸ್ 97 ರಗ್ಬಿ ಆಟಗಾರರನ್ನು 20 ಮೀಟರ್ ಓಡಿಸಿದರು. ಸ್ಟ್ಯಾಟಿಕ್ ಮಾಡಿದವರು ನಿಧಾನ ಆದರು, ಚಲಿಸುತ್ತಾ ಡೈನಾಮಿಕ್ ಮಾಡಿದವರು ಚುರುಕಾದರು. 2010ರಲ್ಲಿ ಅಮೆರಿಕದ ಕಾಲೇಜು ಓಟಗಾರರ ಮೇಲೆ 100 ಮೀಟರಿನ ಪ್ರಯೋಗ ಆಯಿತು. ಪೂರ್ತಿ ಡೈನಾಮಿಕ್ ವಾರ್ಮ್‌ಅಪ್ ಮುಗಿಸಿದ ಮೇಲೆ ಸ್ಟ್ಯಾಟಿಕ್ ಸೇರಿಸಿದರು. 20ರಿಂದ 40 ಮೀಟರಿನ ನಡುವೆ ಅವರು ಸುಮಾರು 0.03 ಸೆಕೆಂಡ್ ಕಳೆದುಕೊಂಡರು. ಅಂದರೆ ವೇಗ ಏರುವ ಜಾಗದಲ್ಲೇ ಪೆಟ್ಟು.

2016ರಲ್ಲಿ ಡೇವಿಡ್ ಬೆಮ್ ಮತ್ತು ಜೊತೆಗಾರರು ಅದುವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟು ಹಾಕಿ ನೋಡಿದರು. ಸ್ಟ್ಯಾಟಿಕ್ ಆದ ಕೂಡಲೇ ಅಳೆದರೆ ಸಾಮರ್ಥ್ಯದಲ್ಲಿ ಸರಾಸರಿ ಶೇ 3.7 ಇಳಿಕೆ. ಜೊತೆಗಾರ ಒತ್ತಿ, ಬಿಟ್ಟು, ಮತ್ತೆ ಒತ್ತುವ ಪಿಎನ್‌ಎಫ್ ವಿಧಾನದಲ್ಲಿ ಶೇ 4.4 ಇಳಿಕೆ. ಡೈನಾಮಿಕ್‌ನಲ್ಲಿ ಶೇ 1.3 ಏರಿಕೆ. ಇದರೊಳಗೇ ಇನ್ನೊಂದು ಮಾತಿದೆ, ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಒಂದು ಸ್ನಾಯುವನ್ನು ಒಟ್ಟು 60 ಸೆಕೆಂಡಿಗಿಂತ ಕಡಿಮೆ ಹಿಡಿದರೆ ಇಳಿಕೆ ಶೇ 1ರ ಆಸುಪಾಸು ಮಾತ್ರ. 60 ದಾಟಿದರೆ ಅದು ಹಲವು ಪಟ್ಟು.

ಇನ್ನು 2018ರಲ್ಲಿ ಬ್ಲೇಜ಼ೆವಿಚ್ ತಂಡ ಪೂರ್ತಿ ವಾರ್ಮ್‌ಅಪ್‌ನ ಒಳಗೆ ಚಿಕ್ಕ ಸ್ಟ್ರೆಚ್‌ಗಳನ್ನು ಸೇರಿಸಿ ನೋಡಿತು. ಓಟ, ಜಿಗಿತ, ದಿಕ್ಕು ಬದಲಿಸುವುದು, ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಸ್ಟ್ರೆಚ್ ಮಾಡಿದ ದಿನ ಆಟಗಾರರಿಗೆ ತಾವು ಚೆನ್ನಾಗಿ ಮಾಡುತ್ತೇವೆ ಎಂಬ ಧೈರ್ಯ ಮಾತ್ರ ಜಾಸ್ತಿ ಇತ್ತು. ಮುಲುಂಡ್ ಸರ್, ನಿಮ್ಮ ಮಗಳಿಗೆ ಸ್ವಲ್ಪ ಎಳೆದುಕೊಳ್ಳದಿದ್ದರೆ ಸಮಾಧಾನ ಆಗುವುದಿಲ್ಲ ಅಂತಾದರೆ ಅದನ್ನು ಕಿತ್ತುಕೊಳ್ಳಬೇಡಿ. ಚಿಕ್ಕದು ಮಾಡಿ, ಮುಂಚೆ ಮಾಡಿಸಿ, ಆಮೇಲೆ ಓಡಿಸಿ.

ವಾಶಿ ಬಿ.ಕಾಂ.

ಯಾಕೆ ಹೀಗಾಗುತ್ತದೆ ಅಂತ ಸರಳವಾಗಿ ಹೇಳಿ. ಎಳೆದ ಎಲಾಸ್ಟಿಕ್ ಸಡಿಲ ಆದ ಹಾಗಾ?

ಪುಣೆ ಫಿಸಿಯೋ

ಎಲ್ಲರೂ ಅದನ್ನೇ ಹೇಳುತ್ತಾರೆ, ಅದು ಕಾಲು ಭಾಗ ಸರಿ. ಸ್ನಾಯು ಮತ್ತು ಅದರ ತುದಿಯ ಸ್ನಾಯುರಜ್ಜು ಸ್ವಲ್ಪ ಹೊತ್ತು ಮೆತ್ತಗಾಗುವುದು ನಿಜ. ಜೋರು ಓಟದಲ್ಲಿ ಪಾದ ನೆಲದ ಮೇಲೆ ಇರುವುದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು. ಅಷ್ಟರೊಳಗೆ ಒತ್ತಿ, ಚಿಮ್ಮಿ, ಮೇಲೇಳಬೇಕು. ಹಿಮ್ಮಡಿಯ ಹಿಂದಿನ ಅಕಿಲೀಸ್ ಬಿಗಿಯಾಗಿದ್ದಷ್ಟೂ ಚಿಮ್ಮುವಿಕೆ ಬೇಗ ಬರುತ್ತದೆ.

ಆದರೆ ಇದಕ್ಕಿಂತ ದೊಡ್ಡ ಕಾರಣ ನರದ್ದು. ತುಂಬಾ ಹೊತ್ತು ಎಳೆದು ಹಿಡಿದ ಸ್ನಾಯುವಿಗೆ ಮಿದುಳು, ಬೆನ್ನುಹುರಿಯಿಂದ ಹೋಗುವ ಪ್ರಚೋದನೆ ಸ್ವಲ್ಪ ಹೊತ್ತು ಕಡಿಮೆ ಆಗುತ್ತದೆ. ಸ್ನಾಯುವಿನ ಎಲ್ಲ ಎಳೆಗಳೂ ಒಟ್ಟಿಗೆ ಕೆಲಸಕ್ಕೆ ಬರುವುದಿಲ್ಲ. ಆಮೇಲೆ ಜೋರಾಗಿ ಜಿಗಿದರೆ, ಓಡಿದರೆ ಆ ಪ್ರಚೋದನೆ ವಾಪಸ್ ಬರುತ್ತದೆ. ಅದಕ್ಕೇ ಹಳೇ ಸ್ಪೈಕ್ಸ್ ಸರ್ "ಆಮೇಲೆ ಡ್ರಿಲ್ಸ್, ಜೋರು ಓಟ" ಅಂದಿದ್ದು.

ಕೊತ್ರೂಡ್ ಸ್ಟಾಪ್‌ವಾಚ್

ನಾನು ಓಟಗಾರ ಅಲ್ಲ, ಮೀಟ್‌ಗಳಲ್ಲಿ ಟೈಮ್ ಬರೆದುಕೊಳ್ಳುವವನು. ಒಂದು ಮಾತು ಸೇರಿಸುತ್ತೇನೆ. "ನನ್ನ ಮಗನಿಗೆ ಸ್ಟ್ರೆಚ್ ಬಿಡಿಸಿ ನೋಡಿದೆ, 0.1 ಸುಧಾರಿಸಿತು" ಅಂತ ಯಾರಾದರೂ ಬಂದು ಹೇಳುವ ಮುಂಚೆ ಇದನ್ನು ಓದಲಿ.

ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಒತ್ತಿದ ಟೈಮ್, ಎಲೆಕ್ಟ್ರಾನಿಕ್ ಟೈಮ್‌ಗಿಂತ ಕಡಿಮೆ ಬರುತ್ತದೆ. ಪಿಸ್ತೂಲಿನ ಸದ್ದು, ಹೊಗೆ ಗೊತ್ತಾಗಿ ನಮ್ಮ ಬೆರಳು ಒತ್ತುವಷ್ಟರಲ್ಲಿ ಹುಡುಗರು ಹೊರಟಿರುತ್ತಾರೆ. 100 ಮೀಟರಿಗೆ ಈ ವ್ಯತ್ಯಾಸವನ್ನು 0.24 ಸೆಕೆಂಡ್ ಅಂತ ಹಿಡಿಯುವ ರೂಢಿ ಇದೆ. ಅದಕ್ಕೇ ಕೈ ಟೈಮನ್ನು ಹತ್ತನೇ ಭಾಗಕ್ಕೆ ಮಾತ್ರ, ಅದೂ ಮೇಲಕ್ಕೆ ಏರಿಸಿ ಬರೆಯುತ್ತಾರೆ. ಫಿಸಿಯೋ ಮೇಡಂ ಹೇಳಿದ ನಷ್ಟ 0.03. ನನ್ನ ಹೆಬ್ಬೆರಳಿಗೆ ಅದು ಕಾಣುವುದೇ ಇಲ್ಲ.

ಮನೆಯಲ್ಲೇ ನೋಡಬೇಕು ಅಂದರೆ ಫೋನಿನ ಸ್ಲೋ ಮೋಷನ್ ಬಳಸಿ. ಸೆಕೆಂಡಿಗೆ 240 ಫ್ರೇಮ್ ಇದ್ದರೆ ಒಂದು ಫ್ರೇಮ್ ಅಂದರೆ 0.004 ಸೆಕೆಂಡ್. ಫೋನನ್ನು ಟ್ರೈಪಾಡ್ ಮೇಲೆ ಇಟ್ಟು, 20 ಮತ್ತು 40 ಮೀಟರಿನಲ್ಲಿ ಒಂದೊಂದು ಕೋಲು ನೆಟ್ಟು, ಸೊಂಟ ಮೊದಲ ಕೋಲು ದಾಟಿದಾಗಿನಿಂದ ಎರಡನೆಯದನ್ನು ದಾಟುವವರೆಗೆ ಎಷ್ಟು ಫ್ರೇಮ್ ಅಂತ ಎಣಿಸಿ. ಕೋಲು ದೂರ ಇದ್ದರೆ ಓರೆ ನೋಟದ ತಪ್ಪು ಬರುತ್ತದೆ, ಅದಕ್ಕೆ ಎರಡೂ ಕಡೆ ಎರಡು ಫೋನ್ ಇಟ್ಟರೆ ಒಳ್ಳೆಯದು, ಆದರೆ ಆಗ ಎರಡನ್ನೂ ಹೊಂದಿಸುವ ತಲೆನೋವು. ಬೇರೆ ಬೇರೆ ದಿನ, ಗಾಳಿ ಇಲ್ಲದಾಗ, ಹಲವು ಸಲ ನೋಡಿ. ಒಂದು ಓಟ ನೋಡಿ ತೀರ್ಮಾನ ಮಾಡಬೇಡಿ.

ವಾಶಿ ಬಿ.ಕಾಂ.

ಹಾಗಾದರೆ 0.03ಕ್ಕೆ ಇಷ್ಟೆಲ್ಲ ಚರ್ಚೆ ಯಾಕೆ ಸರ್?

ಕೊತ್ರೂಡ್ ಸ್ಟಾಪ್‌ವಾಚ್

ಯಾಕೆ ಅಂದರೆ ದೇಶದ 100 ಮೀಟರ್ ದಾಖಲೆ ಅಷ್ಟರಲ್ಲೇ ಕೈ ಬದಲಾಗಿದೆ. 2022ರಲ್ಲಿ ಅಮ್ಲಾನ್ ಬೊರ್ಗೊಹೈನ್ 10.25 ಓಡಿದರು. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ನಮ್ಮ ಕರ್ನಾಟಕದ ಹುಡುಗ ಮಣಿಕಂಠ ಹೋಬಳಿಧರ್ 10.23. 2025ರಲ್ಲಿ ಗುರಿಂದರ್‌ವೀರ್ ಸಿಂಗ್ 10.20, ಅದೇ ವರ್ಷ ಅನಿಮೇಶ್ ಕುಜೂರ್ 10.18. ಪ್ರತಿ ಸಲವೂ 0.02, 0.03.

ಆದರೆ 14 ಸೆಕೆಂಡಿನಲ್ಲಿ ಓಡುವ ಮಗುವಿಗೆ ಸ್ಟಾರ್ಟ್ ಸರಿ ಮಾಡಿದರೆ ಇದರ ಹತ್ತು ಪಟ್ಟು ಸಿಗುತ್ತದೆ. ಅದನ್ನೂ ಹೇಳಿಬಿಡುತ್ತೇನೆ.

ಡೊಂಬಿವಿಲಿ ಅಕ್ಕ

ವೇಗದ ಮಾತು ಬಿಡಿ. ನನ್ನ ಮಗನಿಗೆ ಕಳೆದ ವರ್ಷ ರಿಲೇಯಲ್ಲಿ ತೊಡೆ ಹಿಂದೆ ಹಿಡಿದುಕೊಂಡಿತು. ಅರ್ಧದಲ್ಲೇ ಕುಂಟುತ್ತಾ ಕೂತುಬಿಟ್ಟ. ಎಲ್ಲರೂ "ಸ್ಟ್ರೆಚ್ ಮಾಡಿರಲಿಲ್ಲ, ಅದಕ್ಕೇ" ಅಂದರು. ಈಗ ಇಲ್ಲಿ ನೀವೆಲ್ಲ ಸ್ಟ್ರೆಚ್ ಬೇಡ ಅನ್ನುತ್ತಿದ್ದೀರಿ. ಗಾಯ ಆದರೆ ಯಾರು ನೋಡಿಕೊಳ್ಳುತ್ತಾರೆ?

ಪುಣೆ ಫಿಸಿಯೋ

ಅಕ್ಕ, ಬೇಡ ಅಂತ ಯಾರೂ ಅನ್ನಲಿಲ್ಲ. ಆದರೆ ಓಟಕ್ಕೆ ಮುಂಚಿನ ಎರಡು ನಿಮಿಷದ ಸ್ಟ್ರೆಚ್ ಮೇಲೆ ಗಾಯ ತಡೆಯುವ ಜವಾಬ್ದಾರಿ ಹೊರಿಸಬೇಡಿ. ಅದು ಅಷ್ಟು ಹೊರುವುದಿಲ್ಲ.

2000ದಲ್ಲಿ ಆಸ್ಟ್ರೇಲಿಯಾದಲ್ಲಿ ಸೇನೆಗೆ ಸೇರಿದ 1538 ಹುಡುಗರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪು ತರಬೇತಿಗೆ ಮುಂಚೆ ಸ್ಟ್ರೆಚ್ ಮಾಡಿತು, ಇನ್ನೊಂದು ಮಾಡಲಿಲ್ಲ. ಕಾಲಿನ ಗಾಯಗಳಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಜೋರು ಓಟದಲ್ಲಿ ಸ್ನಾಯು ಹರಿಯುವಂಥ ಗಾಯಗಳಿಗೆ ಮಾತ್ರ ಸ್ವಲ್ಪ ಉಪಯೋಗ ಇರಬಹುದು ಅನ್ನುವ ಸೂಚನೆ ಬೇರೆ ಕಡೆ ಇದೆ. ಮರುದಿನದ ಮೈಕೈ ನೋವಿಗೆ ಸ್ಟ್ರೆಚ್ ಮದ್ದು ಅನ್ನುವುದೂ ನಿಲ್ಲುವುದಿಲ್ಲ. ಅದರಿಂದ ಕಡಿಮೆ ಆಗುವ ನೋವು ಲೆಕ್ಕಕ್ಕೆ ಬಾರದಷ್ಟು.

ತೊಡೆಯ ಹಿಂಭಾಗ, ಅಂದರೆ ಹ್ಯಾಮ್‌ಸ್ಟ್ರಿಂಗ್ ಹರಿಯುವುದು ಸಾಮಾನ್ಯವಾಗಿ ಕಾಲು ಮುಂದಕ್ಕೆ ಬೀಸಿ ನೆಲ ಮುಟ್ಟುವ ಸ್ವಲ್ಪ ಮುಂಚೆ. ಆಗ ಅದು ಉದ್ದ ಆಗುತ್ತಲೇ ಬ್ರೇಕ್ ಹಾಕಬೇಕು. ಹಾಗೆ ಎಳೆದಾಗಲೂ ತಡೆದುಕೊಳ್ಳುವ ಬಲ ಬೇಕು. ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ವ್ಯಾಯಾಮ ಅಂತ ಇದೆ. ಮಂಡಿಯೂರಿ ನೆಟ್ಟಗೆ ನಿಲ್ಲಬೇಕು, ಹಿಮ್ಮಡಿಗಳನ್ನು ಇನ್ನೊಬ್ಬರು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಸೊಂಟ ಮಡಿಸದೆ ಇಡೀ ದೇಹವನ್ನು ನಿಧಾನವಾಗಿ ಮುಂದಕ್ಕೆ ಬೀಳಲು ಬಿಡಬೇಕು, ಆದಷ್ಟು ತಡೆಯಬೇಕು. ತಡೆಯಲಾಗದಾಗ ಕೈ ಊರಿ. ಇದನ್ನು ಸೇರಿಸಿಕೊಂಡ ತಂಡಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಗಾಯ ಸುಮಾರು ಅರ್ಧಕ್ಕೆ ಇಳಿದಿದೆ. ಆದರೆ ಇದು ವಾರದ ತರಬೇತಿಯ ಕೆಲಸ. ಮೀಟ್ ದಿನ ಬೆಳಗ್ಗೆ ಮಾಡಿಸಬೇಡಿ, ಮರುದಿನ ಮೆಟ್ಟಿಲು ಇಳಿಯುವಾಗ ಬೈಯುತ್ತಾನೆ.

ಒಮ್ಮೆ ಹರಿದದ್ದು ಮತ್ತೆ ಹರಿಯುವ ಸಾಧ್ಯತೆ ಜಾಸ್ತಿ. ಮಗ ಈಗ ಪೂರ್ತಿ ವೇಗದಲ್ಲಿ ಓಡುತ್ತಿದ್ದಾನಾ, ಅಥವಾ ಹೆದರಿ ಮುಕ್ಕಾಲಿಗೇ ನಿಲ್ಲಿಸುತ್ತಿದ್ದಾನಾ? ತರಬೇತಿಯಲ್ಲಿ ಪೂರ್ತಿ ವೇಗ ಮುಟ್ಟದೆ ಮೀಟ್‌ನಲ್ಲಿ ಮುಟ್ಟಲು ಹೋದರೆ ಅಪಾಯ. ಹತ್ತಿರದ ಫಿಸಿಯೋಗೆ ಒಮ್ಮೆ ತೋರಿಸಿಬಿಡಿ ಅಕ್ಕ.

ಡೊಂಬಿವಿಲಿ ಅಕ್ಕ

ಮುಕ್ಕಾಲಿಗೇ ನಿಲ್ಲಿಸುತ್ತಾನೆ. ನೀವು ಕಂಡ ಹಾಗೇ ಹೇಳಿದಿರಿ. ತೋರಿಸುತ್ತೇನೆ.

ಬಾಂಬೋಲಿಂ ಬಿಸಿಲು

ಗೋವಾದಿಂದ. 2023ರ ರಾಷ್ಟ್ರೀಯ ಕ್ರೀಡಾಕೂಟದ ಅಥ್ಲೆಟಿಕ್ಸ್ ಇಲ್ಲೇ ಬಾಂಬೋಲಿಂನಲ್ಲಿ ಆಯಿತು, ನೋಡಲು ಹೋಗಿದ್ದೆ. ಓಟಕ್ಕಿಂತ ಜಾಸ್ತಿ ವಾರ್ಮ್‌ಅಪ್ ನೋಡುತ್ತಾ ನಿಂತಿದ್ದೆ. ಒಬ್ಬ ಓಟಗಾರ ನೆಲದ ಮೇಲೆ ಕೂತು ಸುಮ್ನೆ ಬಗ್ಗಿದ್ದು ಕಂಡದ್ದು ಕಮ್ಮಿ. ಬೇಲಿ ಹಿಡಿದು ಒಂದು ಕಾಲು ಬೀಸುವುದು, ಮಂಡಿ ಎತ್ತಿ ಪುಟಿಯುವುದು, 30 ಮೀಟರ್ ಹೋಗಿ ನಿಧಾನ ನಡೆದು ವಾಪಸ್ ಬರುವುದು. ನಡುವೆ ಜಾಕೆಟ್, ಉದ್ದ ಪ್ಯಾಂಟ್ ತೆಗೆಯುವುದೇ ಇಲ್ಲ, ಅಷ್ಟು ಸೆಕೆಯಲ್ಲೂ!

ಒಂದು ವಿಷಯ ಯಾರೂ ಹೇಳಲಿಲ್ಲ. ಕಾಲ್ ರೂಮ್. ದೊಡ್ಡ ಮೀಟ್‌ನಲ್ಲಿ ಓಟಕ್ಕೆ ಅರ್ಧ ಗಂಟೆ ಮುಂಚೆಯೇ ಕರೆದು ಕೂರಿಸುತ್ತಾರೆ. ಸ್ಪೈಕ್ಸ್ (ಅಡಿಯಲ್ಲಿ ಮೊಳೆ ಇರುವ ಓಟದ ಶೂ) ನೋಡುತ್ತಾರೆ, ನಂಬರ್ ನೋಡುತ್ತಾರೆ, ಕುರ್ಚಿ ಕೊಡುತ್ತಾರೆ. ಅಲ್ಲಿ ಓಡಲು ಜಾಗ ಇಲ್ಲ. ಕಷ್ಟಪಟ್ಟು ಏರಿಸಿದ ಬಿಸಿ ಎಲ್ಲ ಅಲ್ಲೇ ಇಳಿಯುತ್ತದೆ. ಎದ್ದು ನಿಂತು ಹಿಮ್ಮಡಿ ಎತ್ತಿ ಪುಟಿಯಬೇಕು, ಮಂಡಿ ಎತ್ತಬೇಕು. ಕೂತವರು ಕೆಟ್ಟರು.

ಥಾಣೆಯ ಹಳೇ ಸ್ಪೈಕ್ಸ್

ನೂರಕ್ಕೆ ನೂರು. ನಮ್ಮ ಸಂಘಗಳ ಕೂಟದಲ್ಲಿ ಕಾಲ್ ರೂಮ್ ಇಲ್ಲ, ಅದಕ್ಕಿಂತ ಕಷ್ಟದ್ದು ಇದೆ: ಭಾಷಣ. 9 ಗಂಟೆಗೆ 100 ಮೀಟರ್ ಅಂತ ಪಟ್ಟಿಯಲ್ಲಿ ಇರುತ್ತದೆ. ಅತಿಥಿಗಳು ಸೆಂಟ್ರಲ್ ಲೈನಿನ ಗಾಡಿಯಲ್ಲಿ ಬರಬೇಕು, ದೀಪ ಹಚ್ಚಬೇಕು, ಶಾಲು ಹೊದಿಸಬೇಕು, ಎಲ್ಲರೂ ಎರಡು ಮಾತು ಆಡಬೇಕು. ಮಕ್ಕಳು 8.30ಕ್ಕೇ ಮೈ ಬಿಸಿ ಮಾಡಿಕೊಂಡು, ಸಾಲಾಗಿ ಕೂತು, 10.15ಕ್ಕೆ ತಣ್ಣಗೆ ಓಡುತ್ತಾರೆ.

ಸ್ನಾಯುವಿನ ಬಿಸಿ ಒಂದು ಡಿಗ್ರಿ ಏರಿದರೆ ಚುರುಕು ಬಲ ಶೇ 2ರಿಂದ 5ರಷ್ಟು ಏರುತ್ತದೆ. ಇಡೀ ಸ್ಟ್ರೆಚಿಂಗ್ ಜಗಳಕ್ಕಿಂತ ಇದು ದೊಡ್ಡ ಸಂಖ್ಯೆ. ನಿಂತು 15-20 ನಿಮಿಷ ಆದರೆ ಅದರಲ್ಲಿ ಬಹುಪಾಲು ಕಳೆದುಹೋಗುತ್ತದೆ. ಆದ್ದರಿಂದ ಪಟ್ಟಿಯಲ್ಲಿರುವ ಸಮಯ ನೋಡಿ ವಾರ್ಮ್‌ಅಪ್ ಮಾಡಬೇಡಿ. ನಿಮ್ಮ ಓಟಕ್ಕೆ ಮುಂಚಿನ ಹೀಟ್ಸ್ (ಮೊದಲ ಸುತ್ತಿನ ಓಟಗಳು) ಎಲ್ಲಿಗೆ ಬಂದಿದೆ ನೋಡಿ ಮಾಡಿ.

ಪಿಂಪ್ರಿ ಲೇನ್ 4

ನಮ್ಮಲ್ಲಿ ಡಿಸೆಂಬರ್ ಬೆಳಗ್ಗೆ ಪುಣೆಯ ಬಾಲೇವಾಡಿ ಸ್ಟೇಡಿಯಂಗೆ ಹೋದರೆ 10-12 ಡಿಗ್ರಿ ಇರುತ್ತದೆ. ಕೈ ಬೆರಳು ಮರಗಟ್ಟಿ ಸ್ಪೈಕ್ಸ್ ಲೇಸ್ ಕಟ್ಟಲಾಗುವುದಿಲ್ಲ. ಮುಂಬೈಯವರ ವಾರ್ಮ್‌ಅಪ್ ನಮಗೆ ಸಾಲದು. ಜಾಗಿಂಗೇ ಎರಡು ರೌಂಡ್ ಜಾಸ್ತಿ ಬೇಕು. ಮುಂಬೈಯಲ್ಲಿ ಮಾರ್ಚ್‌ನಲ್ಲಿ ಅಷ್ಟೇ ಮಾಡಿದರೆ ಓಟಕ್ಕೆ ಮುಂಚೆಯೇ ಸುಸ್ತು.

ಹುಡುಗರು ಇನ್ನೊಂದು ಮಾಡುತ್ತಾರೆ. ಜಾಗಿಂಗ್ ಬದಲು ನೋವಿನ ಮುಲಾಮು ಹಚ್ಚಿ ತಿಕ್ಕುತ್ತಾರೆ. ಇಡೀ ಟ್ರ್ಯಾಕ್ ಪುದೀನ ವಾಸನೆ. ಉರಿಯುತ್ತದಲ್ಲ, ಬಿಸಿ ಆಯಿತು ಅಂದುಕೊಳ್ಳುತ್ತಾರೆ.

ಪುಣೆ ಫಿಸಿಯೋ

ಉರಿಯುವುದು ಚರ್ಮ. ಒಳಗಿನ ಸ್ನಾಯುವಿಗೆ ಅದರ ಸುದ್ದಿಯೇ ಇಲ್ಲ.

ಮಾಹಿಮ್ ಐವತ್ತೆರಡು

ಮಾಸ್ಟರ್ಸ್ ವಿಭಾಗದಲ್ಲಿ ಓಡುವ ಅಂಕಲ್ ನಾನು. ನನಗೆ ಬೆಳಗ್ಗೆ ಹಾಸಿಗೆಯಿಂದ ಎದ್ದರೆ ಮೀನಖಂಡ ಹಲಗೆ. ಸ್ಟ್ರೆಚ್ ಮಾಡದೆ ಓಡು ಅಂದರೆ ಓಡುವ ಪ್ರಶ್ನೆಯೇ ಇಲ್ಲ. ಮಕ್ಕಳ ಲೆಕ್ಕ ನಮಗೆ ಹೊಂದುತ್ತದಾ?

ಥಾಣೆಯ ಹಳೇ ಸ್ಪೈಕ್ಸ್

ಮಾಡಿ ಸರ್. ನಿಮ್ಮ ವಯಸ್ಸಿಗೆ ಕಾಲು ಪೂರ್ತಿ ಬೀಸುವುದೇ ಮೊದಲ ಕೆಲಸ. 20 ಸೆಕೆಂಡ್, ಬೇಕಾದರೆ ಎರಡು ಸಲ, ಆದರೆ ಜಾಗಿಂಗ್ ಮುಗಿದ ಮೇಲೆ. ಹರ್ಡಲ್ಸ್ ಓಡುವವರಿಗೂ ಇದೇ ಮಾತು, ಸೊಂಟ ತೆರೆಯದಿದ್ದರೆ ಅವರು ಹರ್ಡಲ್‌ಗೆ ಬಡಿದುಕೊಳ್ಳುತ್ತಾರೆ. ಮೈ ಬಗ್ಗಿಸಲೇಬೇಕು ಅನ್ನುವ ಉದ್ದದ ಸ್ಟ್ರೆಚ್‌ಗಳನ್ನು ಸಂಜೆ ಮನೆಯಲ್ಲಿ ಟಿವಿ ಮುಂದೆ ಮಾಡಿ, ಯಾರೂ ಬೇಡ ಅನ್ನುವುದಿಲ್ಲ. ವಾರಗಟ್ಟಲೆ ಮಾಡಿದರೆ ಮೈ ಮೆತ್ತಗಾಗುವುದು ಅದರಿಂದಲೇ. ಹತ್ತು ನಿಮಿಷ ಮುಂಚಿನ ಎಳೆತದಿಂದ ಅಲ್ಲ.

ಮುಲುಂಡ್ ಅಪ್ಪ

ಎಲ್ಲರಿಗೂ ಧನ್ಯವಾದ. ಸರ್, ಹಾಗಾದರೆ ಮೀಟ್ ದಿನ ಅವಳು ಏನೇನು ಮಾಡಬೇಕು? ಬರೆದುಕೊಟ್ಟರೆ ಪ್ರಿಂಟ್ ತೆಗೆದು ಬ್ಯಾಗಿನಲ್ಲಿ ಇಡುತ್ತೇನೆ.

ಥಾಣೆಯ ಹಳೇ ಸ್ಪೈಕ್ಸ್

ಪ್ರಿಂಟ್ ಬೇಡ, ಅವಳಿಗೇ ಬಾಯಿಪಾಠ ಆಗಲಿ. ಅವಳ ಓಟಕ್ಕೆ 40 ನಿಮಿಷ ಇದೆ ಅಂದುಕೊಳ್ಳಿ.

ಮೊದಲು ನಿಧಾನ ಜಾಗಿಂಗ್, ಐದಾರು ನಿಮಿಷ. ಮಾತಾಡುತ್ತಾ ಓಡುವಷ್ಟು ನಿಧಾನ. ಹಣೆಯಲ್ಲಿ ಬೆವರು ಕಂಡರೆ ಸಾಕು. ಮುಂಬೈಯಲ್ಲಿ ಅದು ಬಸ್ ಸ್ಟಾಪಿನಲ್ಲೇ ಕಾಣುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಆಮೇಲೆ ಅವಳಿಗೆ ಬೇಕು ಅನ್ನಿಸಿದರೆ ಮೀನಖಂಡ, ತೊಡೆ, ಸೊಂಟದ ಮುಂಭಾಗ, 15-20 ಸೆಕೆಂಡ್. ಯಾರೂ ಬೆನ್ನು ಒತ್ತಬಾರದು.

ಆಮೇಲೆ ಚಲಿಸುವುದು. ಬೇಲಿ ಹಿಡಿದು ಕಾಲು ಮುಂದೆ-ಹಿಂದೆ, ಅಡ್ಡಡ್ಡ ಬೀಸುವುದು. ಮೊದಲ ಬೀಸು ಚಿಕ್ಕದು, ಕೊನೆಯದು ಪೂರ್ತಿ. ಉದ್ದ ಹೆಜ್ಜೆ ಹಾಕಿ ಮಂಡಿ ನೆಲದ ಹತ್ತಿರ ತರುವ ನಡಿಗೆ. ಎ-ಸ್ಕಿಪ್ (ಮಂಡಿ ಎತ್ತಿ ಪುಟಿಯುತ್ತಾ ಮುಂದೆ ಹೋಗುವ ಡ್ರಿಲ್), 20 ಮೀಟರ್, ಎರಡು ಸಲ. ಇದರಲ್ಲಿ ಒಂದು ನೋಡಿ: ಮಂಡಿ ಮೇಲೆ ಬಂದಾಗ ಪಾದದ ಬೆರಳು ಕೆಳಗೆ ಜೋತುಬಿದ್ದರೆ ಡ್ರಿಲ್ ವ್ಯರ್ಥ. ಪಾದ ಮೇಲಕ್ಕೆ ಮಡಿದಿರಬೇಕು, ಇಳಿಯುವಾಗ ಸೊಂಟದ ಕೆಳಗೇ ಇಳಿಯಬೇಕು, ಟಪ್ ಅಂತ ಸದ್ದು ಬರಬೇಕು. ಚಪ್ಪೆ ಸದ್ದು ಬಂದರೆ ಹಿಮ್ಮಡಿ ಮೊದಲು ತಾಗಿದೆ ಅಂತ. ಹಿಮ್ಮಡಿ ನೆಲಕ್ಕೆ ತಾಗಿಸದೆ ಎರಡೂ ಕಾಲಲ್ಲಿ ಹತ್ತು ಹನ್ನೆರಡು ಚಿಕ್ಕ ಪುಟಿತ.

ಕೊನೆಗೆ ಸ್ಪೈಕ್ಸ್ ಹಾಕಿ 40-50 ಮೀಟರಿನ ಮೂರು ಓಟ. ಮೊದಲನೆಯದು ಮುಕ್ಕಾಲು ವೇಗ, ಕೊನೆಯದು ಹೆಚ್ಚುಕಮ್ಮಿ ಪೂರ್ತಿ. ನಡುವೆ ಎರಡು ಮೂರು ನಿಮಿಷ ನಡಿಗೆ. ಬ್ಲಾಕ್ ಸಿಕ್ಕರೆ ಒಂದೆರಡು ಸ್ಟಾರ್ಟ್, 20 ಮೀಟರ್ ಸಾಕು. ಇದು ಓಟಕ್ಕೆ 8-10 ನಿಮಿಷ ಮುಂಚೆ ಮುಗಿಯಲಿ. ಆಮೇಲೆ ಪ್ಯಾಂಟ್, ಜಾಕೆಟ್ ಹಾಕಿಕೊಂಡು ಓಡಾಡುತ್ತಿರಲಿ. ತಡವಾದರೆ ಎಲ್ಲ ಮೊದಲಿಂದ ಬೇಡ, ಪುಟಿತ ಮತ್ತು ಒಂದು ಓಟ ಮತ್ತೆ ಮಾಡಲಿ.

ಸುಸ್ತಾಗುವಷ್ಟು ಮಾಡಬೇಡಿ. ಡ್ರಿಲ್ ಹೆಚ್ಚಾದರೆ ಡೈನಾಮಿಕ್‌ನ ಲಾಭವೂ ಹೋಗುತ್ತದೆ. ಮಕ್ಕಳಿಗೆ ಪಕ್ಕದ ಶಾಲೆಯವರ ಎದುರು ತೋರಿಸಿಕೊಳ್ಳುವ ಹುರುಪು ಇರುತ್ತದೆ, ಮೂರು ಓಟ ಎಂಟು ಆಗುತ್ತದೆ.

ಮುಲುಂಡ್ ಅಪ್ಪ

ಸೂಪರ್. ಆದರೆ ಪಿಟಿ ಸರ್‌ಗೆ ಇದನ್ನು ಹೇಗೆ ಹೇಳುವುದು? ಅವರು ಬೇಜಾರು ಮಾಡಿಕೊಂಡರೆ ಮಗಳಿಗೇ ತೊಂದರೆ.

ಉಡುಪಿ ಟು ಅಂಧೇರಿ

ಈ ಚರ್ಚೆಯ ಲಿಂಕ್ ಕಳಿಸಿಬಿಡಿ!

ನಿವೃತ್ತ ಪಿಟಿ ಮೇಷ್ಟ್ರು, ದಾದರ್

ದಯವಿಟ್ಟು ಲಿಂಕ್ ಕಳಿಸಬೇಡಿ. ನಾನು ಅದೇ ಕೆಲಸ ಮಾಡಿದವನು, ಆ ಕಡೆಯ ಮಾತನ್ನೂ ಕೇಳಿ.

ಮುಂಬೈ ಶಾಲೆ ಅಂದರೆ ಗ್ರೌಂಡ್ ಎಷ್ಟಿರುತ್ತದೆ? ಎರಡು ಕಟ್ಟಡದ ನಡುವಿನ ಸಿಮೆಂಟ್ ಅಂಗಳ. ಅದರಲ್ಲಿ ಶಿಕ್ಷಕರ ಸ್ಕೂಟರ್. ಒಂದು ತರಗತಿಗೆ 50-60 ಮಕ್ಕಳು, 35 ನಿಮಿಷದ ಪೀರಿಯಡ್, ಅದರಲ್ಲಿ ಮೆಟ್ಟಿಲು ಇಳಿಯುವುದಕ್ಕೇ ಐದು ನಿಮಿಷ. ಎಲ್ಲರನ್ನೂ ಓಡಿಸಿದರೆ ಇಬ್ಬರು ಡಿಕ್ಕಿ ಹೊಡೆದು ಹಲ್ಲು ಮುರಿಯುತ್ತದೆ, ಸಂಜೆ ಪಾಲಕರು ಬರುತ್ತಾರೆ. ಕೂರಿಸಿದರೆ ಎಲ್ಲರೂ ಕಣ್ಣ ಮುಂದೆ ಇರುತ್ತಾರೆ. ಎಣಿಸಬಹುದು, ಶಿಸ್ತು ಇರುತ್ತದೆ. ಸ್ಟ್ರೆಚಿಂಗ್ ಉಳಿದುಕೊಂಡಿದ್ದು ಹೆಚ್ಚಿನ ಮಟ್ಟಿಗೆ ಈ ಕಾರಣಕ್ಕೆ. ಅದೇ ಅಭ್ಯಾಸ ಮೀಟ್‌ಗೂ ಬಂದುಬಿಡುತ್ತದೆ.

ಆದ್ದರಿಂದ "ಅದು ತಪ್ಪು" ಅನ್ನುವ ಬದಲು, ಅದೇ ಜಾಗದಲ್ಲಿ ನಡೆಯುವ ಬೇರೆ ಏನನ್ನಾದರೂ ಕೊಡಿ. ನಿಂತಲ್ಲೇ ಮಂಡಿ ಎತ್ತಿ ಓಟ, ಹಿಮ್ಮಡಿ ಹಿಂದಕ್ಕೆ ತಾಗಿಸುವುದು, ಗೋಡೆ ಹಿಡಿದು ಕಾಲು ಬೀಸುವುದು, ನಿಂತಲ್ಲೇ ಪುಟಿತ. ಒಬ್ಬೊಬ್ಬರಿಗೆ ಒಂದು ಚೌಕ ಸಿಮೆಂಟ್ ಸಾಕು. ಸೀಟಿ ಹೊಡೆದರೆ ಶುರು, ಸೀಟಿಗೆ ನಿಲ್ಲಬೇಕು, ಶಿಸ್ತಿಗೂ ಕೊರತೆ ಇಲ್ಲ. ಮುಲುಂಡ್ ಸರ್, ನೀವು ಹೋಗಿ "ಸರ್, ಇವಳಿಗೆ ಮೀಟ್ ದಿನ ಸ್ಟ್ರೆಚ್ ಆದಮೇಲೆ ಹತ್ತು ನಿಮಿಷ ಓಡಿಕೊಳ್ಳಲು ಬಿಡುತ್ತೀರಾ, ಹಿಂದಿನ ಗೇಟಿನ ಹತ್ತಿರ ನಾನೇ ನಿಂತಿರುತ್ತೇನೆ" ಅಂತ ಕೇಳಿ. ಯಾವ ಮೇಷ್ಟ್ರೂ ಇಲ್ಲ ಅನ್ನುವುದಿಲ್ಲ. ಬೆನ್ನು ಒತ್ತುವ ವಿಷಯ ಮಾತ್ರ ನೇರವಾಗಿ ಹೇಳಿ. ಅದರಿಂದ ಮಕ್ಕಳಿಗೆ ಪೆಟ್ಟಾದದ್ದನ್ನು ನೋಡಿದ್ದೇನೆ.

ಥಾಣೆಯ ಹಳೇ ಸ್ಪೈಕ್ಸ್

ಮೇಷ್ಟ್ರೇ, ಇಡೀ ಚರ್ಚೆಯಲ್ಲಿ ಕೆಲಸಕ್ಕೆ ಬರುವ ಮಾತು ಇದು. ನಮಗೆ ಟ್ರ್ಯಾಕ್ ಇದೆ, ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಪ್ರಿಯದರ್ಶಿನಿ ಪಾರ್ಕಿಗೋ ಮರೀನ್ ಲೈನ್ಸಿನ ಯೂನಿವರ್ಸಿಟಿ ಗ್ರೌಂಡಿಗೋ ಎಷ್ಟು ಮಕ್ಕಳು ಬರಲಾಗುತ್ತದೆ?

ವಾಶಿ ಬಿ.ಕಾಂ.

ಫಾಲ್ಸ್ ಸ್ಟಾರ್ಟ್, ಅಂದರೆ ಸದ್ದಿಗೆ ಮುಂಚೆಯೇ ಹೊರಡುವುದರ ಬಗ್ಗೆಯೂ ಒಂದು ಮಾತು ಹೇಳಿ. ತಮ್ಮ ಹೋದ ಸಲ ಔಟ್ ಆದ.

ಕೊತ್ರೂಡ್ ಸ್ಟಾಪ್‌ವಾಚ್

2010ರಿಂದ ಒಂದೇ ತಪ್ಪಿಗೆ ಔಟ್. ಸದ್ದಾಗಿ 0.100 ಸೆಕೆಂಡಿಗಿಂತ ಮುಂಚೆ ಕಾಲಿನಿಂದ ಬ್ಲಾಕ್ ಒತ್ತಿದರೂ ಔಟ್. 2011ರ ದೇಗು ವಿಶ್ವ ಕೂಟದ 100 ಮೀಟರ್ ಫೈನಲ್‌ನಲ್ಲಿ ಉಸೇನ್ ಬೋಲ್ಟ್‌ಗೇ ಆಗಿದೆ, ತಮ್ಮನಿಗೆ ಸಮಾಧಾನ ಹೇಳಿ. ಉಳಿದದ್ದಕ್ಕೆ ಬೇರೆ ಚರ್ಚೆ ಶುರು ಮಾಡಿ, ಇಲ್ಲಿ ಬೆರೆಸಬೇಡಿ.

ಸಂಘದ ಕ್ರೀಡಾ ಸಮಿತಿಯವ

ಹಳೇ ಸ್ಪೈಕ್ಸ್ ಅವರು ಭಾಷಣದ ಬಗ್ಗೆ ಬರೆದದ್ದು ಓದಿದೆ. ಯಾವ ಸಂಘ ಅಂತ ಬರೆಯದಿದ್ದಕ್ಕೆ ಧನ್ಯವಾದ 🙏 ಈ ಸಲ ಹೀಟ್ಸ್ ಮೊದಲು, ಉದ್ಘಾಟನೆ 11 ಗಂಟೆಗೆ ಅಂತ ಮೀಟಿಂಗ್‌ನಲ್ಲಿ ಇಡುತ್ತೇನೆ. ಒಪ್ಪದಿದ್ದರೂ ಎರಡು ಕೆಲಸ ಮಾಡುತ್ತೇವೆ. ಪ್ರತಿ ಓಟಕ್ಕೆ 30 ನಿಮಿಷ ಮುಂಚೆ ಮೈಕಿನಲ್ಲಿ ನಿಜವಾದ ಸಮಯ ಹೇಳುವುದು. ಪೆಂಡಾಲ್ ಹಿಂದೆ 40 ಮೀಟರ್ ಉದ್ದಕ್ಕೆ ಸುಣ್ಣ ಹಾಕಿ ವಾರ್ಮ್‌ಅಪ್‌ಗೆ ಬಿಡುವುದು. ಅಲ್ಲಿ ಈ ಸಲ ಊಟದ ಟೇಬಲ್ ಹಾಕಲು ಬಿಡುವುದಿಲ್ಲ.

ಮಾಹಿಮ್ ಐವತ್ತೆರಡು

ಹಗ್ಗಜಗ್ಗಾಟದವರಿಗೂ ಅಲ್ಲಿ ಜಾಗ ಕೊಡಿ. ಊಟ ಮುಗಿಸಿ ಸೀದಾ ಹಗ್ಗ ಹಿಡಿಯುತ್ತಾರೆ, ಸೋಮವಾರ ಅರ್ಧ ಟೀಮ್ ಆಫೀಸಿಗೆ ರಜೆ.

ಪುಣೆ ಫಿಸಿಯೋ

ಅವರಿಗೆ ಮೊದಲು ಊಟ ಮತ್ತು ಹಗ್ಗದ ನಡುವೆ ಎರಡು ಗಂಟೆ ಕೊಡಿ. ವಾರ್ಮ್‌ಅಪ್ ಆಮೇಲೆ ನೋಡೋಣ.